ಒಂದು ಡಬ್ಬ ಮಾತ್ರೆ ಗಡಿ ದಾಟುವುದು ಯಾಕೆ ಕಷ್ಟ?

2023ರ ಫೆಬ್ರುವರಿಯಲ್ಲಿ ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪವಾದ ವಾರ, ಸಿಂಧನೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯ ಫೋನ್ ಮಾಡಿದ. ಜ್ವರದ ಮಾತ್ರೆ, ಆಂಟಿಬಯೋಟಿಕ್, ಕೆಮ್ಮಿನ ಸಿರಪ್ಪು, ಬ್ಯಾಂಡೇಜು ಎಲ್ಲ ಸೇರಿಸಿ ರಟ್ಟಿನ ಡಬ್ಬವೊಂದನ್ನು ತುಂಬಿಸಿಟ್ಟಿದ್ದ. "ಅಣ್ಣಾ, ಇದನ್ನ ಅಲ್ಲಿಗೆ ಮುಟ್ಟಿಸೋದು ಹ್ಯಾಂಗ?" ಎಂದು ಕೇಳಿದ. ಆಮೇಲೆ ಸುಡಾನ್, ಗಾಜಾ, ಮ್ಯಾನ್ಮಾರ್ ಸುದ್ದಿಗಳು ಬಂದಾಗಲೂ ಇಂಥವೇ ಪ್ರಶ್ನೆಗಳು ಕಿವಿಗೆ ಬಿದ್ದಿವೆ. ಡಾಕ್ಟರುಗಳು ಒಳಗೆ ಹೋಗಲು ಯಾರ ಅಪ್ಪಣೆ ಬೇಕು? ಆಸ್ಪತ್ರೆ ಮೇಲೆ ಬಾಂಬು ಹಾಕಬಾರದೆಂದು ಕಾನೂನಿಲ್ಲವೇ? ನಮ್ಮ ದೇಶ ಬೇರೆಯವರಿಗೆ ಕೊಡುತ್ತದೆ, ತಾನು ತೆಗೆದುಕೊಳ್ಳುವುದಿಲ್ಲ, ಯಾಕೆ?

ಕಾನೂನು ಇದೆ, ಹಳೆಯದೇ. 1859ರ ಸೊಲ್ಫೆರಿನೊ ಯುದ್ಧದಲ್ಲಿ ಗಾಯಾಳುಗಳು ನೀರಿಲ್ಲದೆ ಬಿದ್ದಿದ್ದನ್ನು ಸ್ವಿಸ್ ವ್ಯಾಪಾರಿ ಆನ್ರಿ ದ್ಯುನಾಂ ಕಂಡ. 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಸಮಿತಿ, ಮರುವರ್ಷ ಮೊದಲ ಜಿನೀವಾ ಒಪ್ಪಂದ, 1949ರಲ್ಲಿ ಇಂದಿಗೂ ಜಾರಿಯಲ್ಲಿರುವ ನಾಲ್ಕು ಒಪ್ಪಂದಗಳು. ಗಾಯಗೊಂಡವನು ಯಾರ ಕಡೆಯವನಾದರೂ ಆರೈಕೆ ಸಿಗಬೇಕು, ಆರೈಕೆ ಮಾಡುವವರ ಮೈ ಮುಟ್ಟಬಾರದು ಎಂಬುದು ಅವುಗಳ ತಿರುಳು. ಆದರೆ ಹೊರಗಿನ ವೈದ್ಯರು ಒಳಗೆ ಬರಲು ಆ ನೆಲ ಯಾರ ಹಿಡಿತದಲ್ಲಿದೆಯೋ ಅವರು ಒಪ್ಪಬೇಕು. ಗಂಟು ಬಿದ್ದಿರುವುದು ಇಲ್ಲೇ.

ನೈಜೀರಿಯಾದ ಬಿಯಾಫ್ರಾದಲ್ಲಿ 1967ರಿಂದ 1970ರವರೆಗೆ ದಿಗ್ಬಂಧನಕ್ಕೆ ಸಿಕ್ಕು ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ ಈ ಗಂಟು ಇನ್ನಷ್ಟು ಬಿಗಿಯಾಯಿತು. ಕಂಡದ್ದನ್ನು ಹೊರಗೆ ಹೇಳಿದರೆ ಅಪ್ಪಣೆ ಹೋಗುತ್ತದೆ, ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಅಲ್ಲಿಂದ ಮರಳಿದ ಕೆಲವು ಫ್ರೆಂಚ್ ವೈದ್ಯರು ಪತ್ರಕರ್ತರೊಂದಿಗೆ ಸೇರಿ 1971ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಕಟ್ಟಿದರು. ಅದಕ್ಕೆ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬಾಯಿ ಬಿಡದೆ ದುಡಿಯುವ ರೆಡ್ ಕ್ರಾಸ್‌ಗೆ ಸೆರೆಮನೆಗಳ ಬಾಗಿಲು ತೆರೆಯುತ್ತದೆ ಎಂಬುದೂ ಅಷ್ಟೇ ನಿಜ.

1971ರ ಹೆಸರೆತ್ತಿದರೆ ಪ್ಯಾರಿಸ್ ನೆನಪಾಗುವವರು ಬಹಳ. ನನಗೆ ನೆನಪಾಗುವುದು ಬನಗಾಂವ್. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದ ವರ್ಷವದು. ಗಡಿಯಂಚಿನ ಬನಗಾಂವ್ ಶಿಬಿರಗಳಲ್ಲಿ ವಾಂತಿಭೇದಿ, ಅಂದರೆ ಕಾಲರಾ, ಹಬ್ಬಿತು. ಜೂನ್ ಕೊನೆಯಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅಲ್ಲಿನ ಆಸ್ಪತ್ರೆಗೆ ಬಂದಾಗ ರೋಗಿಗಳು ನೆಲದ ಮೇಲೆ ಒತ್ತೊತ್ತಾಗಿ ಮಲಗಿದ್ದರು. ಒಬ್ಬರಿಗೆ ಸಲೈನ್ ಹಚ್ಚಬೇಕೆಂದರೆ ಮಲ ಮತ್ತು ವಾಂತಿಯ ನಡುವೆಯೇ ಮಂಡಿಯೂರಬೇಕಿತ್ತು. ಸಲೈನ್ ದಾಸ್ತಾನು ಮುಗಿಯುತ್ತ ಬಂದಿತ್ತು.

ನೀರಿಗೆ ಉಪ್ಪಿನ ಜೊತೆ ಗ್ಲುಕೋಸ್ ಬೆರೆಸಿದರೆ ವಾಂತಿಭೇದಿಯ ನಡುವೆಯೂ ಕರುಳು ಅದನ್ನು ಹೀರಿಕೊಳ್ಳುತ್ತದೆ ಎಂಬುದು ಅರವತ್ತರ ದಶಕದಲ್ಲೇ ಢಾಕಾ ಮತ್ತು ಕಲ್ಕತ್ತದ ವಾರ್ಡುಗಳಲ್ಲಿ ಗೊತ್ತಾಗಿತ್ತು. ಆದರೆ ವೈದ್ಯರ ಕಣ್ಣೆದುರಲ್ಲದೆ ಅದನ್ನು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಮಹಾಲನಬಿಸ್ ಧೈರ್ಯ ಮಾಡಿದರು. ಲೀಟರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಪುಡಿಯನ್ನು ಕಲ್ಕತ್ತದಲ್ಲಿ ತೂಗಿ ಪೊಟ್ಟಣ ಕಟ್ಟಿದರು, ಶಿಬಿರದಲ್ಲಿ ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕಲಸಿದರು. ಲೀಟರಿಗೆ ಬಿದ್ದ ಖರ್ಚು ಸುಮಾರು 11 ಪೈಸೆ. ಕುಡಿಸಿದವರು ತಾಯಂದಿರು, ಅಕ್ಕತಂಗಿಯರು, ಪಕ್ಕದ ಚಾಪೆಯವರು. ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮಹಾಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸಿಂಧನೂರು ತಾಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಅರ್ಧ ಶತಮಾನದಿಂದ ಬಾಳುತ್ತಿವೆ. ನಾವು ವಾಂತಿಭೇದಿ ಎನ್ನುವುದಕ್ಕೆ ಬಂಗಾಳಿಯಲ್ಲಿ ಓಲಾಓಠಾ ಎನ್ನುತ್ತಾರೆ. ಆ ಮಾತು ಬಂದರೆ ಅಲ್ಲಿನ ಹಿರಿಯ ಹೆಂಗಸರ ದನಿ ಇಂದಿಗೂ ಕೆಳಗಿಳಿಯುತ್ತದೆ. ಅವರ ಸೀಮೆಯವರ ಕೈಯಲ್ಲೇ ರೂಪುಗೊಂಡ ಔಷಧ ಈಗ ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಓಆರ್‌ಎಸ್ ಪಾಕೀಟಾಗಿ ಕುಳಿತಿದೆ. ಆದರೂ "ಸಲೈನ್ ಹಚ್ಚಲಿಲ್ಲ ಅಂದ್ರ ಅದೇನು ಟ್ರೀಟ್ಮೆಂಟ್ ರೀ" ಎನ್ನುವ ಮಾತು ನಮ್ಮಲ್ಲಿ ಹೋಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕೆಟ್ಟು ಜನ ಸತ್ತಾಗಲೂ ಎಲ್ಲರ ಕಣ್ಣು ಆಸ್ಪತ್ರೆಯ ಹಾಸಿಗೆಗಳ ಮೇಲಿತ್ತು, ನೀರಿನ ಮೇಲಿದ್ದದ್ದು ಕಡಿಮೆ.

ಬನಗಾಂವ್ ಕಲಿಸಿದ್ದನ್ನು ಜಗತ್ತು ಪೂರ್ತಿ ಕಲಿಯಲಿಲ್ಲ. 1994ರ ಜುಲೈನಲ್ಲಿ ರುವಾಂಡಾದಿಂದ ಓಡಿಬಂದವರು ಪಕ್ಕದ ಜಯೀರ್‌ನ (ಈಗಿನ ಕಾಂಗೋ) ಗೋಮಾ ಬಳಿ ಬೀಡುಬಿಟ್ಟಾಗ ನೆರವಿನ ಸಂಸ್ಥೆಗಳು ಬೇಕಾದಷ್ಟಿದ್ದವು, ನೀರು ಇರಲಿಲ್ಲ. ಒಂದೇ ತಿಂಗಳಲ್ಲಿ ಸುಮಾರು 50,000 ಜನ ಸತ್ತರು, ಹೆಚ್ಚಿನವರು ವಾಂತಿಭೇದಿ, ಆಮಶಂಕೆಗಳಿಂದ. ಆ ಆಘಾತದ ನಂತರ 1997ರಲ್ಲಿ ನೆರವು ಕನಿಷ್ಠ ಎಷ್ಟಿರಬೇಕೆಂದು ಹೇಳುವ 'ಸ್ಫಿಯರ್' ಮಾನದಂಡಗಳ ಕೆಲಸ ಶುರುವಾಯಿತು: ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೊಂದು ಪಾಯಿಖಾನೆ, 2,100 ಕ್ಯಾಲೊರಿ ಆಹಾರ.

ಎಷ್ಟು ಕೊಟ್ಟರೆ ಸಾಕು ಎಂಬ ಈ ಜಗಳ ಬಳ್ಳಾರಿ ಸೀಮೆ ಎಂದೋ ಕಂಡದ್ದು. 1876–78ರ ಧಾತು-ಈಶ್ವರ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಬಹಳ ನಲುಗಿತು. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊತ್ತವನಿಗೆ ಸರ್ಕಾರ ಗೊತ್ತುಮಾಡಿದ್ದು ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಸೇರೂ ಇಲ್ಲ, ಜೊತೆಗೆ ಚಿಲ್ಲರೆ ಕಾಸು. ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಪ್ರಾಂತ್ಯದ ನೈರ್ಮಲ್ಯ ಆಯುಕ್ತ ವಿಲಿಯಂ ಕಾರ್ನಿಷ್ ವಾದಿಸಿದರು. ತಿಂಗಳುಗಳು ಕಳೆದ ಮೇಲೆ ಪಡಿ ಹೆಚ್ಚಿತು. ಲಂಡನ್ನಿನಿಂದ ಚಂದಾ ಹಣವೂ ಬಂತು, ತಡವಾಗಿ.

ಈಗ ಗೆಳೆಯನ ಡಬ್ಬಕ್ಕೆ ಬರೋಣ. 1988ರ ಅರ್ಮೇನಿಯಾ ಭೂಕಂಪದ ನಂತರ ಸುಮಾರು 5,000 ಟನ್ ಔಷಧ ಮತ್ತು ಸಾಮಗ್ರಿ ಬಂದು ಬಿತ್ತು. ಏನೇನಿದೆ ಎಂದು ತಿಳಿಯಲು 50 ಜನರಿಗೆ ಆರು ತಿಂಗಳು ಹಿಡಿಯಿತು. ಅವಧಿ ಮುಗಿದವು, ಚಳಿಗೆ ಕೆಟ್ಟವು, ಯಾರಿಗೂ ಓದಲು ಬಾರದ ಲೇಬಲ್ಲಿನವು ಎಲ್ಲ ಅದರಲ್ಲಿದ್ದವು. ಹಾಗಾಗಿ 1996ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ: ಕೇಳಿದ್ದನ್ನೇ ಕಳಿಸಬೇಕು, ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಬಾಳಿಕೆ ಉಳಿದಿರಬೇಕು. 2009ರ ಅಕ್ಟೋಬರ್‌ನಲ್ಲಿ ಕೃಷ್ಣಾ, ತುಂಗಭದ್ರೆಗಳು ಉಕ್ಕಿ ಮಂತ್ರಾಲಯ ಮುಳುಗಿದಾಗ ರಾಯಚೂರು ಕಡೆಯ ಗಂಜಿ ಕೇಂದ್ರವೊಂದರಲ್ಲಿ ನಾನೂ ಇದ್ದೆ. ಗೋಣಿಚೀಲಗಳಲ್ಲಿ ಬೆರಕೆಯಾಗಿ ಬಂದ ಮಾತ್ರೆಗಳನ್ನು ನಾಲ್ವರು ಇಡೀ ರಾತ್ರಿ ಆರಿಸಿದೆವು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಆ ರಾತ್ರಿ ಬೇಕಿದ್ದದ್ದು ಬ್ಲೀಚಿಂಗ್ ಪೌಡರ್.

ಔಷಧದಂತೆ ವೈದ್ಯರಿಗೂ ನಿಯಮ ಬಂತು. 2010ರ ಹೈಟಿ ಭೂಕಂಪಕ್ಕೆ ಓಡಿಹೋದ ತಂಡಗಳಲ್ಲಿ ಕೆಲವಕ್ಕೆ ಇಂಥ ಕೆಲಸದ ತಯಾರಿಯೇ ಇರಲಿಲ್ಲ. ಅದೇ ವರ್ಷ ಹೊರದೇಶದ ಶಾಂತಿಪಾಲಕರ ಶಿಬಿರದ ಕೊಳಚೆ ನದಿ ಸೇರಿ, ಆ ನಾಡು ಕಾಣದಿದ್ದ ಕಾಲರಾ ಹಬ್ಬಿತು. ಸುಮಾರು 10,000 ಜನ ಸತ್ತರು. 2013ರಿಂದ ತುರ್ತು ವೈದ್ಯ ತಂಡಗಳನ್ನು ದರ್ಜೆಯಾಗಿ ವಿಂಗಡಿಸುತ್ತಾರೆ. ತಮ್ಮ ನೀರು, ಊಟ, ಕರೆಂಟು ತಾವೇ ಹೊತ್ತು ತರಬೇಕು. 1950ರಲ್ಲಿ ಕೊರಿಯಾಕ್ಕೆ ಹೋಗಿದ್ದ ನಮ್ಮ ಸೇನೆಯ 60 ಪ್ಯಾರಾ ವೈದ್ಯ ಘಟಕವೇ 2023ರಲ್ಲಿ ಟರ್ಕಿಯ ಇಸ್ಕೆಂದೆರುನ್‌ನಲ್ಲಿ ಹಾಗೆ ಆಸ್ಪತ್ರೆ ಹೂಡಿತು. ಇನ್ನು ತೆಗೆದುಕೊಳ್ಳುವ ಮಾತು: ಭುಜ್ ಭೂಕಂಪದಲ್ಲಿ ವಿದೇಶಿ ನೆರವು ಬಂದಿತ್ತು. 2004ರ ಸುನಾಮಿಯ ನಂತರ, ಬೇರೆ ಸರ್ಕಾರಗಳ ಪರಿಹಾರ ಬೇಡ ಎಂಬ ರೂಢಿ ಬಿತ್ತು. 2018ರ ಕೇರಳ ನೆರೆಯಲ್ಲೂ ಅದೇ ಮುಂದುವರಿಯಿತು.

ಕಾನೂನಿನ ಪ್ರಶ್ನೆ ಉಳಿಯಿತು. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಗಡಿಗಳಿಲ್ಲದ ವೈದ್ಯರ ಆಸ್ಪತ್ರೆಯ ಮೇಲೆ ವಿಮಾನದಾಳಿ ನಡೆಯಿತು. ಆಸ್ಪತ್ರೆ ಇರುವ ಜಾಗದ ವಿವರವನ್ನು ಮೊದಲೇ ಕೊಟ್ಟಿದ್ದರು. 42 ಜನ ಸತ್ತರು: 24 ರೋಗಿಗಳು, 14 ಸಿಬ್ಬಂದಿ, ರೋಗಿಗಳ ಜೊತೆಗಿದ್ದ ನಾಲ್ವರು. ಮರುವರ್ಷ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ರಕ್ಷಣೆಗೆಂದು 2286ನೇ ನಿರ್ಣಯ ಒಪ್ಪಿತು. ಆಮೇಲೂ ಸಿರಿಯಾ, ಯೆಮೆನ್, ಉಕ್ರೇನ್, ಗಾಜಾ, ಸುಡಾನ್‌ಗಳಲ್ಲಿ ಆಸ್ಪತ್ರೆಗಳು ಬಿದ್ದಿವೆ. ಇಂಥ ಕಡೆ ಸಾಯುವವರಲ್ಲಿ ವಿಮಾನವೇರಿ ಬಂದವರು ಕಡಿಮೆ. ಹೆಚ್ಚಿನವರು ಅದೇ ಊರಿನ ನರ್ಸುಗಳು, ಡ್ರೈವರುಗಳು, ಕಾವಲುಗಾರರು.

ಗೆಳೆಯ ಡಬ್ಬವನ್ನು ಬಿಚ್ಚಿ ಮಾತ್ರೆಗಳ ಅವಧಿ ನೋಡಿದ. ಅರ್ಧದಷ್ಟು ಅದೇ ಜೂನ್‌ಗೆ ಮುಗಿಯುತ್ತಿದ್ದವು. ಮೊನ್ನೆ ಸುಡಾನ್ ಸುದ್ದಿ ಬಂದಾಗ ಅವನು ಔಷಧದ ಮಾತೆತ್ತಲಿಲ್ಲ. "ಅಲ್ಲೇ ಉಳದಾರಲ್ಲ ನರ್ಸಗೋಳು, ಅವರಿಗೆ ಪಗಾರ ಯಾರ ಕೊಡ್ತಾರ ಅಣ್ಣಾ?" ಎಂದು ಕೇಳಿದ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಎಷ್ಟೋ ಸಿಬ್ಬಂದಿ ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ.