ಹಣೆಯ ಹಸಿರಿನಲ್ಲಿ ನಾಡಿ: ಜಗುಲಿಯ ಪ್ರಯೋಗದ ಟಿಪ್ಪಣಿ

ಕ್ಯಾಮೆರಾದಿಂದ ನಾಡಿ ಅಳೆಯುವುದನ್ನು ಕಲಿಯುವವರು ಮೊದಲು ತಿಳಿಯಬೇಕಾದದ್ದು, ಅದು ಹೃದಯವನ್ನು ನೋಡುವುದಿಲ್ಲ, ಚರ್ಮದಿಂದ ಮರಳುವ ಬೆಳಕನ್ನಷ್ಟೇ ನೋಡುತ್ತದೆ ಎಂಬುದು. ಹೃದಯ ಬಡಿದಾಗಲೆಲ್ಲ ಮುಖದ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಏರಿ ಇಳಿಯುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಕೆಂಪು ಬೆಳಕಿಗಿಂತ ಹಸಿರನ್ನು ಬಹಳ ಹೆಚ್ಚು ಹೀರುವುದರಿಂದ, ರಕ್ತ ತುಂಬಿದ ಕ್ಷಣದಲ್ಲಿ ಹಣೆಯಿಂದ ಬರುವ ಹಸಿರು ಕಣ್ಣಿಗೆ ತಿಳಿಯದಷ್ಟು ಕುಗ್ಗುತ್ತದೆ. ಸಾಮಾನ್ಯ ಕ್ಯಾಮೆರಾ, ಸಾಮಾನ್ಯ ಬೆಳಕು ಇದಕ್ಕೆ ಸಾಕೆಂದು 2008ರಲ್ಲಿ ಸಂಶೋಧಕರಾದ ವರ್ಕ್ರೈಸ್, ಸ್ವಾಸಂಡ್ ಮತ್ತು ನೆಲ್ಸನ್ ತೋರಿಸಿದರು.

ಒಂದೇ ಪಿಕ್ಸೆಲ್‌ನಲ್ಲಿ ಈ ಏರಿಳಿತ ಕ್ಯಾಮೆರಾದ ಗದ್ದಲದೊಳಗೆ, ಅಂದರೆ ಗೊತ್ತುಗುರಿಯಿಲ್ಲದ ಏರುಪೇರಿನೊಳಗೆ, ಮುಳುಗಿಹೋಗುತ್ತದೆ. ಆದ್ದರಿಂದ ಹಣೆ ಮತ್ತು ಕೆನ್ನೆಯ ಸಾವಿರಾರು ಪಿಕ್ಸೆಲ್‌ಗಳ ಸರಾಸರಿಯನ್ನು ಪ್ರತಿ ಫ್ರೇಮಿಗೂ ತೆಗೆದು, ಆ ಸರಣಿಯಲ್ಲಿ 0.7ರಿಂದ 4 ಹರ್ಟ್ಸ್‌ವರೆಗಿನ, ಅಂದರೆ ನಿಮಿಷಕ್ಕೆ 42ರಿಂದ 240 ಬಡಿತಗಳ ವ್ಯಾಪ್ತಿಯಲ್ಲಿ ಪ್ರಬಲ ಆವರ್ತನವನ್ನು ಹುಡುಕುತ್ತೇವೆ. ಹತ್ತು ಸೆಕೆಂಡಿನ ವಿಡಿಯೊದಲ್ಲಿ ಬೇರೆ ಬೇರೆಯಾಗಿ ಗುರುತಿಸಬಹುದಾದ ಆವರ್ತನಗಳ ಅಂತರ 0.1 ಹರ್ಟ್ಸ್, ಅಂದರೆ ನಿಮಿಷಕ್ಕೆ 6 ಬಡಿತ. ಮೂವತ್ತು ಸೆಕೆಂಡು ತೆಗೆದರೆ ಅದು 2 ಬಡಿತಕ್ಕೆ ಇಳಿಯುತ್ತದೆ, ಆದರೆ ಅಷ್ಟು ಹೊತ್ತು ಅಲುಗಾಡದೆ ಕೂರಬೇಕು.

ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೆಳಕು. ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ, ತೋಟದ ಕಡೆ ಮುಖ ಮಾಡಿ ಕುಳಿತು ತೆಗೆದ ಮೊದಲ ವಿಡಿಯೊದಲ್ಲಿ ನಿಮಿಷಕ್ಕೆ ಹದಿನೈದರ ಸೊಗಸಾದ ಅಲೆ ಸಿಕ್ಕಿತು, ಉಸಿರಾಟವೆಂದು ಹಿಗ್ಗಿದೆ. ಮತ್ತೆ ನೋಡಿದರೆ, ಅದು ಗಾಳಿಗೆ ಓಲಾಡುತ್ತಿದ್ದ ಅಡಿಕೆ ಸೋಗೆಯ ನೆರಳು ಕೆನ್ನೆಯ ಮೇಲೆ ಹೋಗಿ ಬರುತ್ತಿದ್ದದ್ದು.

ಒಳಗೆ ಹೋದರೆ ಇನ್ನೊಂದು ತೊಡಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಷ್ಟು ವೇಗದ ಮಿನುಗನ್ನು ಕ್ಯಾಮೆರಾ ಹಿಡಿಯಲಾರದೆ, ಫ್ರೇಮ್ ವೇಗದ ಹತ್ತಿರದ ಗುಣಕದಿಂದ ಅದು ಎಷ್ಟು ದೂರವೋ ಅಷ್ಟು ನಿಧಾನದ ಅಲೆಯಾಗಿ ಕಾಣುತ್ತದೆ: ಸೆಕೆಂಡಿಗೆ 30 ಫ್ರೇಮ್ ಇದ್ದರೆ ಆ ಮಿನುಗು (100 ಮತ್ತು 90ರ ಅಂತರ) 10 ಹರ್ಟ್ಸ್‌ನಲ್ಲಿ, ನಾಡಿಯ ವ್ಯಾಪ್ತಿಯ ಹೊರಗೆ ಬೀಳುತ್ತದೆ. ಮಳೆಗಾಲದ ಮಬ್ಬಿನಲ್ಲಿ ವೆಬ್‌ಕ್ಯಾಮ್ ಹೆಚ್ಚು ಬೆಳಕು ಹಿಡಿಯಲೆಂದು ತಾನಾಗಿಯೇ ನಿಧಾನಗೊಂಡು 24.5 ಫ್ರೇಮಿಗೆ ಇಳಿದರೆ, ಅದೇ ಮಿನುಗು (100 ಮತ್ತು 98ರ ಅಂತರ) 2 ಹರ್ಟ್ಸ್ ಆಗಿ, ನಿಮಿಷಕ್ಕೆ 120 ಬಡಿತದ ಸುಳ್ಳು ನಾಡಿಯಾಗಿ ಕುಳಿತುಬಿಡಬಲ್ಲದು.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರುವುದರಿಂದ ಕಪ್ಪು ಮೈಬಣ್ಣದವರಲ್ಲಿ ಸಂಕೇತ ಇನ್ನೂ ಕ್ಷೀಣ. ಬಿಳಿಚರ್ಮದವರ ಮೇಲಷ್ಟೇ ಪರೀಕ್ಷಿಸಿದ ವಿಧಾನವನ್ನು ಬಿಸಿಲಲ್ಲಿ ದುಡಿಯುವ ನಮ್ಮವರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಬೆರಳಿನ ಆಕ್ಸಿಮೀಟರನ್ನು ಜೊತೆಗಿಟ್ಟುಕೊಂಡೇ ಅಳೆಯಿರಿ. ವಿಡಿಯೊವನ್ನು ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸಿ ಲೆಕ್ಕ ಮಾಡಿಸಬೇಡಿ: ಕಡತವನ್ನು ಕುಗ್ಗಿಸುವಾಗ ಮೊದಲು ಕಳೆದುಹೋಗುವುದು ಕಣ್ಣು ಗಮನಿಸದ ಸಣ್ಣ ಬಣ್ಣವ್ಯತ್ಯಾಸ, ನಾಡಿ ಇರುವುದೂ ಅದರಲ್ಲಿಯೇ.