ಹೊಸ ಊರಲ್ಲಿ ಮನೆ ತಗೊಳ್ಳೋ ಮೊದ್ಲು ಆ ಮನೆ ಹೆಣ್ಮಕ್ಳು ಎಲ್ಲಿದಾರೆ ಅಂತ ಕೇಳಿ

ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ ಸರ್, ಶಿವಮೊಗ್ಗದಲ್ಲಿ ಒಂದು 30-40 ಸೈಟಲ್ಲಿ ಎರಡು ರೂಮಿನ ಮನೆ, ಹಿಂದೆ ಒಂದು ತೆಂಗು, ಒಂದು ಕರಿಬೇವು ಇದ್ರೆ ಸಾಕು ಅಂತ ಹೇಳ್ಕೊಂಡು ನಮ್ಮ ವಕೀಲಿ ಆಫೀಸಿಗೆ ಬರೋರು ಈಗ ಜಾಸ್ತಿ ಆಗಿದಾರೆ. ರಿಟೈರ್ ಆದೋರು ಬರ್ತಾರೆ, ವರ್ಕ್ ಫ್ರಮ್ ಹೋಮ್ ಇರೋ ಹುಡುಗ್ರು ಬರ್ತಾರೆ, ಗಲ್ಫ್‌ನಲ್ಲಿ ದುಡಿದು ಇನ್ನು ಸಾಕು ಅಂತ ವಾಪಸ್ ಬರೋ ಯೋಚನೆ ಇರೋರೂ ಇದಾರೆ. 2023ರಲ್ಲಿ ಸೋಗಾನೆಯಲ್ಲಿ ಏರ್‌ಪೋರ್ಟ್ ಶುರುವಾದ್ಮೇಲೆ ವಿಚಾರಿಸೋರು ಇನ್ನೂ ಹೆಚ್ಚಾದ್ರು. ಆಸೆ ಒಳ್ಳೇದೇ, ಈ ಊರು ಬದುಕೋಕೆ ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಸ್ವಂತ ಊರಲ್ಲಿ ಮನೆ ತಗೊಳ್ಳೋರಿಗೆ ಇರೋ ಒಂದು ಅನುಕೂಲ ಹೊರಗಿನಿಂದ ಬರೋರಿಗೆ ಇರಲ್ಲ. ಸ್ವಂತ ಊರಲ್ಲಾದ್ರೆ ವಕೀಲರ ಹತ್ರ ಬರೋಕೆ ಮೊದ್ಲೇ ಸೋದರಮಾವ ಹೇಳ್ಬಿಡ್ತಾನೆ, "ಆ ಮನೆ ಬೇಡ ಕಣೋ, ಅಣ್ಣತಮ್ಮ ಕೋರ್ಟಲ್ಲಿದಾರೆ" ಅಂತ. ಹೊಸ ಊರಲ್ಲಿ ಆ ಮಾತು ಹೇಳೋರು ಯಾರೂ ಇಲ್ಲ, ಬ್ರೋಕರ್ ಅಂತೂ ಹೇಳಲ್ಲ.

ಹಂಗಾಗಿ ಎಲ್ರೂ ಕಾಗದ ನಂಬ್ತಾರೆ, ಅದ್ರಲ್ಲೂ ಇಸಿ, ಅಂದ್ರೆ ಎನ್‌ಕಂಬರೆನ್ಸ್ ಸರ್ಟಿಫಿಕೇಟ್ (ಋಣಭಾರ ಪತ್ರ), ಅದೊಂದನ್ನೇ ನಂಬ್ತಾರೆ. "ಸರ್, ಇಸಿ ಕ್ಲೀನ್ ಇದೆ, ನಿಲ್ ಬಂದಿದೆ, ಅಡ್ವಾನ್ಸ್ ಕೊಟ್ಟಾಯ್ತು" ಅಂತ ಖುಷಿಯಾಗಿ ಬರ್ತಾರೆ. ಇಸಿ ಅಂದ್ರೆ ಏನು ಅಂತ ಒಂದ್ಸಲ ಸರಿಯಾಗಿ ತಿಳ್ಕೊಳ್ಳಿ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಆ ಆಸ್ತಿ ಮೇಲೆ ರಿಜಿಸ್ಟರ್ ಆಗಿರೋ ವ್ಯವಹಾರ ಮಾತ್ರ ಅದ್ರಲ್ಲಿ ಬರತ್ತೆ. ವ್ಯವಹಾರ ಇದ್ರೆ ನಮೂನೆ 15, ಏನೂ ಇಲ್ದಿದ್ರೆ ನಮೂನೆ 16. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಕೂತಲ್ಲೇ ಸಿಗೋದು 2004ರಿಂದ ಈಚಿನದ್ದು, ಅದಕ್ಕೂ ಹಿಂದಿನದಕ್ಕೆ ಆಫೀಸಿಗೇ ಹೋಗಿ ಅರ್ಜಿ ಹಾಕಿ ಹಳೇ ಪುಸ್ತಕ ಹುಡುಕಿಸ್ಬೇಕು, 30 ವರ್ಷದ್ದು ತೆಗೆಸಿ ಅಂತ ನಾನು ಯಾವಾಗ್ಲೂ ಹೇಳೋದು. ಇಷ್ಟೆಲ್ಲಾ ಮಾಡಿದ್ರೂ ರಿಜಿಸ್ಟರ್ ಆಗ್ದೇ ಇರೋ ಅಗ್ರಿಮೆಂಟ್, ಮನೇಲಿ ಬರೆದಿಟ್ಟ ವಿಲ್, ಕೋರ್ಟಲ್ಲಿ ನಡೀತಿರೋ ದಾವೆ ಇದ್ಯಾವುದೂ ಇಸಿಯಲ್ಲಿ ಕಾಣದೇ ಇರ್ಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತು ಹೋದ ಯಜಮಾನ್ರಿಗೆ ಮಕ್ಳೆಷ್ಟು ಅನ್ನೋದನ್ನ ಇಸಿ ಹೇಳಲ್ಲ.

ಒಂದು ಕೇಸ್ ಹೇಳ್ತೀನಿ, ಗುರುತು ಸಿಗಬಾರ್ದು ಅಂತ ಒಂದೆರಡು ವಿವರ ಬದಲಾಯ್ಸಿದೀನಿ. ರಿಟೈರ್ಡ್ ಟೀಚರ್ ದಂಪತಿ, ಗೋಪಾಳದ ಕಡೆ ಒಂದು ಹಳೇ ಹೆಂಚಿನ ಮನೆ ನೋಡಿದ್ರು, ಇಬ್ರು ಅಣ್ಣತಮ್ಮಂದ್ರು ಮಾರೋರು, ಅಪ್ಪನ ಹೆಸರಲ್ಲಿದ್ದ ಮನೆ, ಅಪ್ಪ ಅಮ್ಮ ಇಬ್ರೂ ತೀರ್ಕೊಂಡ್ಮೇಲೆ ಖಾತೆ ಇವ್ರಿಬ್ರ ಹೆಸರಿಗೆ ಆಗಿದೆ, ಕಂದಾಯ ಕಟ್ಟಿದ ರಸೀದಿ ಎಲ್ಲಾ ಇದೆ. ಗೋಡೆ ಮೇಲೆ ಹಳೇ ಫ್ಯಾಮಿಲಿ ಫೋಟೋ ಇತ್ತಂತೆ, ಅದ್ರಲ್ಲಿ ಮೂರು ಮಕ್ಳು. ಮೇಡಂ ಅದನ್ನ ಗಮನಿಸಿ ನನ್ನ ಹತ್ರ ಹೇಳಿದ್ರು, ಅದೇ ಆ ವ್ಯವಹಾರ ಉಳಿಸಿದ್ದು. ಮಾರೋರನ್ನ ಕೇಳಿದ್ರೆ, "ಅಕ್ಕ ಸರ್ ಅದು, ದಾವಣಗೆರೆಗೆ ಕೊಟ್ಟಿದೆ, ಅವ್ಳಿಗೆ ಮದುವೇಲೇ ಎಲ್ಲಾ ಕೊಟ್ಟಾಗಿದೆ, ಅವ್ಳೇನೂ ಕೇಳಲ್ಲ" ಅಂದ್ರು. ಮೋಸ ಮಾಡೋ ಜನ ಅಲ್ಲ ಅವ್ರು, ಹಂಗೇ ನಂಬಿದಾರೆ ಅಷ್ಟೆ. ಆಕೆ ಮುಂದಿನ ವಾರ ಬಸ್ಸಲ್ಲಿ ಬಂದು ನಮ್ಮ ಆಫೀಸಲ್ಲಿ ಕೂತು, "ಮಾರ್ತಿದಾರೆ ಅನ್ನೋದೇ ನಂಗೆ ಈಗ ಗೊತ್ತಾಗಿದ್ದು ಸರ್" ಅಂದ್ರು.

ಇಲ್ಲಿ ಕಾನೂನು ಸ್ಪಷ್ಟ ಇದೆ, ಆದ್ರೆ ಜನ ಕನ್‌ಫ್ಯೂಸ್ ಮಾಡ್ಕೊಳ್ತಾರೆ. ಹೆಣ್ಮಕ್ಳಿಗೆ ಪಾಲು ಬಂದಿದ್ದು 2005ರ ತಿದ್ದುಪಡಿಯಿಂದ, ಅದಕ್ಕೂ ಮೊದ್ಲು ಮದುವೆ ಆಗಿದ್ರೆ ಇಲ್ಲ ಅಂತ ಅಂದ್ಕೊಂಡಿರ್ತಾರೆ. 2005ರದ್ದು ಪಿತ್ರಾರ್ಜಿತ ಆಸ್ತಿಗೆ ಸಂಬಂಧಪಟ್ಟಿದ್ದು, ಮಗನ ಹಂಗೇ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಅದು ಹೇಳಿತು, ತಿದ್ದುಪಡಿ ಬರೋ ಹೊತ್ತಿಗೆ ಅಪ್ಪ ಬದುಕಿರ್ಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಆ ಗೊಂದಲಾನೂ ಮುಗೀತು. ಅಪ್ಪ ಸ್ವಂತ ದುಡಿದು ಕಟ್ಟಿದ ಮನೆ ವಿಷ್ಯ ಬೇರೆ. ವಿಲ್ ಬರೀದೇ ಅವ್ರು ತೀರ್ಕೊಂಡ್ರೆ ಹೆಂಡ್ತಿ, ಗಂಡ್ಮಕ್ಳು, ಹೆಣ್ಮಕ್ಳು, ಜೊತೆಗೆ ಅವ್ರ ತಾಯಿ ಬದುಕಿದ್ರೆ ತಾಯಿಗೂ ಸಮಪಾಲು, ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಮದುವೆ ಯಾವಾಗ ಆಯ್ತು, ಎಷ್ಟು ಬಂಗಾರ ಹಾಕಿದ್ರು ಅನ್ನೋದು ಲೆಕ್ಕಕ್ಕೇ ಬರಲ್ಲ. ಅಪ್ಪನಿಗಿಂತ ಮೊದ್ಲೇ ತೀರ್ಕೊಂಡ ಮಗ ಇದ್ರೆ ಅವ್ನ ಹೆಂಡ್ತಿ ಮಕ್ಳಿಗೂ ಅವ್ನ ಪಾಲು ಹೋಗತ್ತೆ, ಇದನ್ನ ತುಂಬಾ ಜನ ಮರೀತಾರೆ.

ವಂಶವೃಕ್ಷ ಕೊಟ್ಟಿದಾರಲ್ಲ ಅಂತೀರಿ. ವಂಶವೃಕ್ಷ ಬಹುಪಾಲು ಅರ್ಜಿ ಹಾಕಿದೋರು ಅಫಿಡವಿಟ್‌ನಲ್ಲಿ ಏನು ಬರೆದು ಕೊಟ್ರೋ ಅದರ ಮೇಲೇ ನಿಂತಿರತ್ತೆ. ಅದಕ್ಕೇ ನಾನು ಹೇಳೋದು, ಮನೆ ಅಕ್ಕಪಕ್ಕ ಹೋಗಿ. ಸಂಜೆ ಹೊತ್ತು ಹೋಗಿ, ಗಂಡಹೆಂಡ್ತಿ ಇಬ್ರೂ ಹೋಗಿ, ಎದುರು ಮನೆ ಅಜ್ಜಿ ಹತ್ರ ಮಾತಾಡಿ, ಬೀದಿ ಕೊನೆ ಕಿರಾಣಿ ಅಂಗಡಿಯವ್ರ ಹತ್ರ ಮಾತಾಡಿ. ನಾವು ಈ ಮನೆ ತಗೊಳ್ತಿದೀವಿ ಅಮ್ಮ, ಇವ್ರ ಮನೇಲಿ ಎಷ್ಟು ಜನ ಮಕ್ಳು, ಹೆಣ್ಮಕ್ಳು ಎಲ್ಲಿದಾರೆ ಅಂತ ಸುಮ್ನೆ ಕೇಳಿ, ಈ ಕಡೆ ಜನ ಹೇಳ್ತಾರೆ. ಆಮೇಲೆ ಇಲ್ಲಿ ಜನ ಓದೋ ಪೇಪರಲ್ಲಿ ಒಂದು ಪಬ್ಲಿಕ್ ನೋಟಿಸ್ ಹಾಕ್ಸಿ, ಹೆಣ್ಮಗಳು ಬೇರೆ ಜಿಲ್ಲೇಲಿ ಇದ್ರೆ ಅಲ್ಲಿಯ ಪೇಪರಲ್ಲೂ. ಕೆಲವು ಸಾವಿರ ಖರ್ಚು, ಅದ್ರಲ್ಲಿ ಜಿಪುಣತನ ಬೇಡ.

ಇನ್ನೊಂದು ಸೂಕ್ಷ್ಮ ಇದೆ. ಅಕ್ಕನನ್ನ ಕರ್ಸಿ ಸಾಕ್ಷಿ ಜಾಗದಲ್ಲಿ ಸೈನ್ ಹಾಕ್ಸಿದ್ರೆ ಆಯ್ತು ಅಂತ ಕೆಲವರು ಸಲಹೆ ಕೊಡ್ತಾರೆ. ಸಾಕ್ಷಿ ಸೈನ್ ಹಾಕಿದ ಮಾತ್ರಕ್ಕೆ ಪಾಲು ಬಿಟ್ಟುಕೊಟ್ಟ ಹಂಗಾಗಲ್ಲ. ಕ್ರಯಪತ್ರದಲ್ಲಿ ಆಕೆ ಹೆಸರು ಮಾರಾಟಗಾರರ ಸಾಲಲ್ಲೇ ಬರ್ಬೇಕು, ಆಕೆ ಪಾಲಿನ ದುಡ್ಡು ಆಕೆ ಅಕೌಂಟಿಗೇ ಹೋಗ್ಬೇಕು, ಇಲ್ಲಾಂದ್ರೆ ಮೊದ್ಲೇ ರಿಜಿಸ್ಟರ್ಡ್ ಹಕ್ಕು ಬಿಡುಗಡೆ ಪತ್ರ ಆಗಿರ್ಬೇಕು. ಆ ಟೀಚರ್ ದಂಪತಿ ಕೇಸಲ್ಲಿ ಮೂರು ಜನಾನೂ ಮಾರಾಟಗಾರರಾಗಿ ಸೈನ್ ಹಾಕಿದ್ರು, ಮೂರು ಅಕೌಂಟಿಗೆ ದುಡ್ಡು ಹೋಯ್ತು, ಸ್ವಲ್ಪ ತಡ ಆಯ್ತು ಅಷ್ಟೆ. ಮಾರೋರಲ್ಲಿ ಒಬ್ರು ಅಮೆರಿಕದಲ್ಲಿದ್ರೆ ಅಲ್ಲಿಂದ ಕಳ್ಸೋ ಪವರ್ ಆಫ್ ಅಟಾರ್ನಿ ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸ್ಬೇಕು, ಎನ್‌ಆರ್‌ಐ ಪಾಲಿಗೆ ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿಯೋ ತೆರಿಗೆ) ಲೆಕ್ಕಾನೇ ಬೇರೆ, ಅದಕ್ಕೊಬ್ರು ಆಡಿಟರ್‌ನ ಮೊದ್ಲೇ ಕೇಳಿ.

ಕೋರ್ಟ್ ಕೇಸ್ ಇದೆಯಾ ಅಂತ ಇಕೋರ್ಟ್ಸ್ ಸೈಟಲ್ಲಿ ಮಾರೋರ ಹೆಸರು, ಅವ್ರ ಅಪ್ಪನ ಹೆಸರು ಹಾಕಿ ಹುಡುಕಿ, ಸ್ಪೆಲಿಂಗ್ ನಾಲ್ಕೈದು ಥರ ಹಾಕಿ ನೋಡ್ಬೇಕು. ದಾವೆ ನಡೀತಿರೋವಾಗ ತಗೊಂಡ್ರೆ ನಿಮಗೆ ಗೊತ್ತಿತ್ತೋ ಇಲ್ವೋ ಕೋರ್ಟ್ ಕೇಳಲ್ಲ, ತೀರ್ಪು ನಿಮ್ಮ ಮೇಲೂ ಬೀಳತ್ತೆ.

ಖಾತೆ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಖಾತೆ ಕಂದಾಯಕ್ಕೆ, ಮಾಲೀಕತ್ವಕ್ಕೆ ಮೂಲ ಕ್ರಯಪತ್ರ, ವಿಭಾಗಪತ್ರ ಇವೇ ಬೇಕು. ಕಾರ್ಪೊರೇಷನ್ ಲಿಮಿಟಲ್ಲಾದ್ರೆ ಇ-ಆಸ್ತಿಯ ಇ-ಖಾತೆ, ಪಂಚಾಯ್ತಿಯಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಬಿ ಖಾತೆ, 11ಬಿ (ಸರಿಯಾದ ಅನುಮೋದನೆ ಇಲ್ಲದ ಆಸ್ತಿಗೆ ಕೊಡೋದು) ಅಂದ್ರೆ ರೇಟ್ ಕಮ್ಮಿ ಇರತ್ತೆ, ಲೋನ್ ಕಷ್ಟ, ಮುಂದೆ ನೀವು ಮಾರೋವಾಗ್ಲೂ ಅದೇ ಕಷ್ಟ. ಊರ ಹೊರಗೆ ಹೋದಷ್ಟೂ ಜಾಗದ ಹಿಂದಿನ ಚರಿತ್ರೆ ನೋಡ್ಬೇಕು. ನಮ್ಮ ಜಿಲ್ಲೇಲಿ ಲಿಂಗನಮಕ್ಕಿ ಅಣೆಕಟ್ಟಿಂದ ಎದ್ದು ಬಂದ ಶರಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಎಷ್ಟೋ ಜಮೀನು ದಾಖಲೆಯಲ್ಲಿ ಇವತ್ತಿಗೂ ಅರಣ್ಯ ಅಂತಲೇ ಇದೆ, ಆ ಜನರ ಸಂಕಟ ದೊಡ್ಡದು, ಅದು ಬಗೆಹರೀಲೇಬೇಕು, ಆದ್ರೆ ಬಗೆಹರಿಯೋ ಮುಂಚೆ ನೀವು ಅಲ್ಲಿ ಸೈಟ್ ತಗೊಂಡ್ರೆ ಆ ಸಂಕಟಕ್ಕೆ ನೀವೂ ಸೇರ್ತೀರ. ಪರಿಶಿಷ್ಟ ಜಾತಿ, ಪಂಗಡದವ್ರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಲ್ಲಿ ಅನುಮತಿ ಇಲ್ದೆ ಮಾಡಿದ ಲೇಔಟ್ ಆದ್ರೂ ಅಷ್ಟೆ, 1978ರ ಕಾಯ್ದೆ ಪ್ರಕಾರ ಆ ಮಾರಾಟವೇ ಊರ್ಜಿತ ಅಲ್ಲ.

ಮತ್ತೆ ಒಂದು ಟೇಪ್ ಹಿಡ್ಕೊಂಡು ಚಕ್ಕುಬಂದಿ ಅಳೀರಿ. ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಚರಂಡಿ, ಕಸಕ್ಕೆ ಅಂತ ಬಿಟ್ಟ ಕನ್ಸರ್ವೆನ್ಸಿ ಓಣಿ ಒಳಗೆ ಸೇರಿಸ್ಕೊಂಡು ಕಾಂಪೌಂಡ್ ಕಟ್ಟಿರ್ತಾರೆ, ನೀವು ಇಷ್ಟಪಟ್ಟ ಆ ತೆಂಗಿನ ಮರ ಕಾರ್ಪೊರೇಷನ್ ಜಾಗದಲ್ಲಿ ಇರ್ಬಹುದು.

ಇದೆಲ್ಲದರ ಜೊತೆಗೆ ಒಂದು ಮಳೆಗಾಲ ಅದೇ ಏರಿಯಾದಲ್ಲಿ ಬಾಡಿಗೆಗೆ ಇದ್ದು ನೋಡಿ ಅಂತ ನಾನು ಒತ್ತಿ ಹೇಳ್ತೀನಿ. ಫೆಬ್ರವರಿಯಲ್ಲಿ ಬಂದು ನೋಡಿದ್ರೆ ಶಿವಮೊಗ್ಗ ಎಲ್ಲಾ ಕಡೆನೂ ಚೆಂದ. ಜುಲೈನಲ್ಲಿ ಗಾಜನೂರು ಡ್ಯಾಮ್ ತುಂಬಿ ನೀರು ಬಿಟ್ಟಾಗ ತುಂಗೆ ಎಲ್ಲೀವರೆಗೆ ಬರ್ತಾಳೆ, ಯಾವ ಬೀದಿಲಿ ಮೋರಿ ಉಕ್ಕತ್ತೆ, ಹೆಂಚಿನ ಮನೆ ಗೋಡೆ ಎಷ್ಟು ಎತ್ತರಕ್ಕೆ ಥಂಡಿ ಹಿಡಿಯತ್ತೆ ಅನ್ನೋದು ಆಗ್ಲೇ ಗೊತ್ತಾಗೋದು. 2019ರ ಆಗಸ್ಟ್ ಪ್ರವಾಹ ನೋಡಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಆ ನಾಲ್ಕು ತಿಂಗಳಲ್ಲಿ ಬೀದಿ ಜನ ಪರಿಚಯ ಆಗ್ತಾರೆ, ಯಾರ ಮನೇಲಿ ಏನು ವ್ಯಾಜ್ಯ ಅಂತ ಕೇಳದೇನೇ ಕಿವಿಗೆ ಬೀಳತ್ತೆ.

ದುಡ್ಡಿನ ಲೆಕ್ಕ ಹಾಕೋವಾಗ ಮನೆ ರೇಟ್ ಒಂದೇ ನೋಡ್ಬೇಡಿ. 40 ಲಕ್ಷದ ಮನೆ ಅಂದ್ರೆ 5% ಸ್ಟ್ಯಾಂಪ್ ಡ್ಯೂಟಿ 2 ಲಕ್ಷ, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 24 ಸಾವಿರ, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ 1% ಇದ್ದಿದ್ದು 2% ಆಗಿದೆ ಅದು 80 ಸಾವಿರ, ಒಟ್ಟು 3 ಲಕ್ಷದ 4 ಸಾವಿರ ಪಕ್ಕಕ್ಕೆ ಇಟ್ಕೊಂಡೇ ಮಾತಿಗೆ ಕೂರಿ. ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಆ ಜಾಗಕ್ಕೆ ಗೊತ್ತು ಮಾಡಿರೋ ಬೆಲೆ) ನಿಮ್ಮ ರೇಟಿಗಿಂತ ಜಾಸ್ತಿ ಇದ್ರೆ ಅದರ ಮೇಲೇ ಲೆಕ್ಕ. ಅಡ್ವಾನ್ಸ್ ಎಲ್ಲಾ ಬ್ಯಾಂಕ್ ಮೂಲಕ ಕೊಡಿ, 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ವ್ಯವಹಾರ ಮಾಡಿದ್ರೆ ಇನ್‌ಕಮ್ ಟ್ಯಾಕ್ಸ್‌ನವ್ರ ದಂಡ ಇದೆ. ಬ್ಯಾಂಕ್ ಲೋನ್ ಕೊಡ್ತು ಅಂದ್ರೆ ಕಾಗದ ಸರಿ ಇದೆ ಅಂತ ಸುಮ್ನಾಗ್ಬೇಡಿ, ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡೋದು ಬ್ಯಾಂಕಿನ ದುಡ್ಡಿಗೆ ಭದ್ರತೆ ಇದೆಯಾ ಅಂತ, ನಿಮ್ಮ ಪರವಾಗಿ ನೋಡೋಕೆ ಬೇರೆ ವಕೀಲರು ಬೇಕು.

ಮನೇಲಿ ಬಾಡಿಗೆದಾರರು ಇದ್ರೆ, "ರಿಜಿಸ್ಟ್ರೇಷನ್ ಆದ್ಮೇಲೆ ಖಾಲಿ ಮಾಡಿಸ್ಕೊಡ್ತೀವಿ" ಅನ್ನೋ ಮಾತಿಗೆ ಒಪ್ಬೇಡಿ. ಅವ್ರು ಖಾಲಿ ಮಾಡಿ, ಮೆಸ್ಕಾಂ ಕರೆಂಟ್ ಬಿಲ್, ನೀರಿನ ಬಿಲ್ ಬಾಕಿ ತೀರ್ಸಿ, ಕೀಲಿ ಕೈಗೆ ಬಂದ ದಿನಾನೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ.