ರೆಟಿಕ್ ಎಣಿಕೆ: ಮಿಲ್ಲರ್ ಡಿಸ್ಕ್‌ನ ಆ 9 ಎಲ್ಲಿಂದ ಬಂತು?

ಹೋದ ತಿಂಗಳು ಪ್ರಾಕ್ಟಿಕಲ್‌ನಲ್ಲಿ ಒಂದು ರಕ್ತದ ಸ್ಯಾಂಪಲ್‌ನ ರೆಟಿಕ್ ಕೌಂಟ್ (ನೂರು ಕೆಂಪು ಕಣದಲ್ಲಿ ಇನ್ನೂ ಬಲಿಯದವು ಎಷ್ಟು ಅನ್ನುವ ಎಣಿಕೆ) 30% ಅಂತ ಬರೆದುಕೊಟ್ಟೆ. ಮೇಡಂ ಸ್ಲೈಡ್ ಕೂಡ ನೋಡಲಿಲ್ಲ. "9 ಎಲ್ಲಮ್ಮ?" ಅಂದರು, ಅಷ್ಟೇ. ಸರಿಯಾದ ಉತ್ತರ 3.3%. ಎಣಿಸುವುದಕ್ಕೆ ಬಳಸುವ ಮಿಲ್ಲರ್ ಡಿಸ್ಕ್ ಅನ್ನುವ ಗಾಜಿನ ಬಿಲ್ಲೆಯ ಸೂತ್ರದಲ್ಲಿ 9 ಬಿಟ್ಟುಹೋಗಿತ್ತು. ಬಾಯಿಪಾಠ ಮಾಡಿದ್ದೆ, ಅದು ಯಾಕೆ ಹಾಗಿದೆ ಅಂತ ಗೊತ್ತಿರಲಿಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಓಡಾಡುವವಳು ನಾನು. ಆವತ್ತು ವಾಪಸ್ ಬರುವಾಗ ಪೂರ್ತಿ ದಾರಿ ಅದೇ ತಲೆಯಲ್ಲಿ. ಈಗ ಅರ್ಥವಾಗಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ರೆಟಿಕ್ ಅಂದರೆ

ಮೂಳೆಮಜ್ಜೆಯಲ್ಲಿ ಬೆಳೆಯುವ ಕೆಂಪು ಕಣ ಕೊನೆಗೆ ತನ್ನ ನ್ಯೂಕ್ಲಿಯಸ್ ಹೊರಗೆ ತಳ್ಳುತ್ತದೆ. ಅಲ್ಲಿಂದ ಪೂರ್ತಿ ಬಲಿಯುವವರೆಗೆ ಅದು ರೆಟಿಕ್ಯುಲೋಸೈಟ್. ಒಳಗೆ ಸ್ವಲ್ಪ ಆರ್‌ಎನ್‌ಎ ಉಳಿದಿರುತ್ತದೆ. ಮಜ್ಜೆಯಲ್ಲಿ ಸುಮಾರು ಮೂರು ದಿನ, ರಕ್ತಕ್ಕೆ ಬಂದ ಮೇಲೆ ಸುಮಾರು ಒಂದು ದಿನ, ಆಮೇಲೆ ಅದು ಮಾಮೂಲಿ ಕೆಂಪು ಕಣ. ವಯಸ್ಕರಲ್ಲಿ 0.5 ರಿಂದ 2.5%. ಆಗತಾನೆ ಹುಟ್ಟಿದ ಮಕ್ಕಳಲ್ಲಿ ಜಾಸ್ತಿ. ಮಜ್ಜೆ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಯುವುದಕ್ಕೆ ಈ ಎಣಿಕೆ.

ಬಣ್ಣ

ರಕ್ತದ ಸ್ಲೈಡಿಗೆ ಮಾಮೂಲಾಗಿ ಹಾಕುವ ಲೀಶ್ಮನ್ ಬಣ್ಣ ಹಾಕಿದರೆ ರೆಟಿಕ್ ಸರಿಯಾಗಿ ಕಾಣುವುದಿಲ್ಲ. ಅದರಲ್ಲಿರುವ ಮೆಥನಾಲ್ ಕಣವನ್ನು ಫಿಕ್ಸ್ ಮಾಡಿಬಿಡುತ್ತದೆ, ಅಂದರೆ ಇದ್ದ ಹಾಗೇ ಗಟ್ಟಿ ಮಾಡಿಬಿಡುತ್ತದೆ. ಆರ್‌ಎನ್‌ಎ ಕಣದ ತುಂಬಾ ಹರಡಿಕೊಂಡೇ ಇರುವುದರಿಂದ ಬರೀ ನೀಲಿ ಛಾಯೆ ಬರುತ್ತದೆ. ಅದನ್ನೇ ಪಾಲಿಕ್ರೊಮೇಸಿಯಾ ಅನ್ನುವುದು. ಅದರ ಬದಲು, ಫಿಕ್ಸ್ ಮಾಡದ ಕಣಕ್ಕೆ ನ್ಯೂ ಮೆಥಿಲೀನ್ ಬ್ಲೂ ಅಥವಾ ಬ್ರಿಲಿಯಂಟ್ ಕ್ರೆಸಿಲ್ ಬ್ಲೂ ಹಾಕಿದರೆ ಬಣ್ಣವೂ ಆರ್‌ಎನ್‌ಎಯೂ ಸೇರಿ ಗರಣೆ ಕಟ್ಟಿ ಬಲೆಯಂತೆ ಕಾಣುತ್ತವೆ. ಅಂದರೆ ಆ ಬಲೆ ಕಣದಲ್ಲಿ ಮೊದಲೇ ಇದ್ದದ್ದಲ್ಲ, ನಾವು ಬಣ್ಣ ಹಾಕಿ ಮಾಡಿದ್ದು. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಒಂದು ಎಚ್ಚರಿಕೆ: ಮೆಥಿಲೀನ್ ಬ್ಲೂ ಬೇರೆ, ನ್ಯೂ ಮೆಥಿಲೀನ್ ಬ್ಲೂ ಬೇರೆ. 'ನ್ಯೂ' ಅಂದರೆ ಹೊಸ ಬಾಟ್ಲಿ ಅಂತಲ್ಲ, ರಾಸಾಯನಿಕವೇ ಬೇರೆ. ಮೊದಲನೆಯದು ಈ ಕೆಲಸಕ್ಕೆ ಚೆನ್ನಾಗಿ ಆಗುವುದಿಲ್ಲ.

ಇಡಿಟಿಎ ರಕ್ತ (ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ್ದು) ಎರಡು ಹನಿ, ಸೋಸಿದ ಬಣ್ಣ ಎರಡು ಹನಿ, 37 ಡಿಗ್ರಿಯಲ್ಲಿ 15 ನಿಮಿಷ. ರಕ್ತಹೀನತೆ ಜೋರಾಗಿದ್ದರೆ ರಕ್ತ ಸ್ವಲ್ಪ ಜಾಸ್ತಿ. ಹೊರತೆಗೆದ ಮೇಲೆ ಮೆಲ್ಲಗೆ ಚೆನ್ನಾಗಿ ಕಲಸಿ. ರೆಟಿಕ್ ಹಗುರ, ಮೇಲೆ ಬಂದು ನಿಂತಿರುತ್ತದೆ. ಕಲಸದೆ ಮೇಲಿನ ಹನಿ ತೆಗೆದರೆ ಎಣಿಕೆ ಸುಮ್ನೆ ಏರುತ್ತದೆ. ಸ್ಲೈಡ್ ಮೇಲೆ ತೆಳ್ಳಗೆ ಸ್ಮಿಯರ್ ಎಳೆದು ಗಾಳಿಯಲ್ಲಿ ಒಣಗಿಸಿ, ಮೇಲೆ ಎಣ್ಣೆ ಹನಿ ಹಾಕಿ ಆಯಿಲ್ ಇಮ್ಮರ್ಶನ್ ಲೆನ್ಸ್‌ನಲ್ಲಿ ನೋಡುವುದು. ಸ್ಯಾಂಪಲ್ ಹೊರಗಿಟ್ಟು ಊಟಕ್ಕೆ ಹೋಗಿ ಹರಟೆ ಹೊಡೆಯಬೇಡಿ. ಟ್ಯೂಬಿನೊಳಗೂ ರೆಟಿಕ್ ಬಲಿಯುತ್ತಲೇ ಇರುತ್ತದೆ, ಹೊತ್ತು ಹೋದಷ್ಟೂ ಎಣಿಕೆ ಇಳಿಯುತ್ತದೆ.

ನಮ್ಮ ಲ್ಯಾಬ್‌ನಲ್ಲಿ ಕನಿಷ್ಠ ಎರಡು ನೀಲಿ ಚುಕ್ಕಿ ಇದ್ದರೆ ರೆಟಿಕ್ ಅಂತ ಲೆಕ್ಕ. ರೆಟಿಕ್ ಥರ ಕಂಡು ಮೋಸ ಮಾಡುವ ಬೇರೆ ಚುಕ್ಕಿಗಳೂ ಇವೆ. ಹೈನ್ಜ್ ಬಾಡಿ ಕಣದ ಅಂಚಿಗೆ ಅಂಟಿಕೊಂಡ ಗುಂಡು. ಹವೆಲ್-ಜಾಲಿ ಸಾಮಾನ್ಯವಾಗಿ ಒಂದೇ ಒಂದು, ದುಂಡಗೆ, ಗಾಢವಾಗಿ. ಹಿಮೋಗ್ಲೋಬಿನ್ ಎಚ್ ಅನ್ನುವ ಅಸಹಜ ಹಿಮೋಗ್ಲೋಬಿನ್ ಇದ್ದರೆ ಕಣ ಗಾಲ್ಫ್ ಚೆಂಡಿನ ಥರ ಕಾಣುತ್ತದೆ. ಫೋಕಸ್ ಮೇಲೆ ಕೆಳಗೆ ಮಾಡಿದಾಗ ಮಿಂಚುವ ಚುಕ್ಕಿ ಬರೀ ಒಣಗಿದ ಗುರುತು.

ಈಗ ಆ 9

ಸಾದಾ ವಿಧಾನದಲ್ಲಿ 1000 ಕೆಂಪು ಕಣ ಎಣಿಸಿ, ಅದರಲ್ಲಿ ರೆಟಿಕ್ ಎಷ್ಟು ಅಂತ ನೋಡಿ 10 ರಿಂದ ಭಾಗಿಸಿದರೆ ಪರ್ಸೆಂಟ್. ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ 400 ದಾಟುವ ಹೊತ್ತಿಗೆ ಕಣ್ಣು ಸೋಲುತ್ತದೆ, ಎಲ್ಲಿಯವರೆಗೆ ಎಣಿಸಿದೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಮಿಲ್ಲರ್ ಡಿಸ್ಕ್. ಐಪೀಸ್ ಒಳಗೆ ಕೂರುವ ಗಾಜಿನ ಬಿಲ್ಲೆ, ಮೇಲೆ ಒಂದು ದೊಡ್ಡ ಚೌಕ, ಅದರೊಳಗೆ ಒಂದು ಚಿಕ್ಕ ಚೌಕ. ಚಿಕ್ಕದರ ವಿಸ್ತೀರ್ಣ ದೊಡ್ಡದರ ಒಂಬತ್ತರಲ್ಲಿ ಒಂದು ಭಾಗ. ರೆಟಿಕ್ ಅನ್ನು ದೊಡ್ಡ ಚೌಕದಲ್ಲಿ ಎಣಿಸಬೇಕು, ಕೆಂಪು ಕಣವನ್ನು ಚಿಕ್ಕದರಲ್ಲಿ ಮಾತ್ರ.

ಇದು ನನ್ನ ತಲೆಗೆ ಹೋದದ್ದು ಮನೆಯಲ್ಲಿ, ಅಪ್ಪನಿಂದ. ನಮ್ಮದು ನಾಲೆ ನೀರಿನ ಗದ್ದೆ. ಆ ಸಲ ಬೀಜಕ್ಕೆ ಅಂತ ಭತ್ತ ಹಾಕಿದ್ದರು. ಬೀಜದ ಭತ್ತದಲ್ಲಿ ಬೆರಕೆ ಪೈರು ಎಷ್ಟಿದೆ ಅಂತ ನೋಡಬೇಕಲ್ಲ. "ಒಂಬತ್ತು ತಾಕು ಐತೆ ಅಂತ ಇಟ್ಕೊ ಮಗಾ," ಅಂದರು ಅಪ್ಪ. "ಬೆರಕೆ ಬುಡ ಅಲ್ಲೊಂದು ಇಲ್ಲೊಂದು ಇರ್ತದೆ, ಒಂಬತ್ತೂ ತಾಕು ಸುತ್ತಿ ಎಣಿಸ್ತೀನಿ. ಭತ್ತದ ಬುಡ ಎಲ್ಲಾ ಎಣಿಸೋಕೆ ಹೋದ್ರೆ ಕತ್ತಲಾಯ್ತದೆ. ಒಂದು ತಾಕಲ್ಲಿ ಎಣಿಸಿ ಒಂಬತ್ತರಿಂದ ಗುಣಿಸು."

ಅಷ್ಟೇ! ಕಮ್ಮಿ ಇರುವುದನ್ನು ಪೂರ್ತಿ ಜಾಗದಲ್ಲಿ ಹುಡುಕು, ಜಾಸ್ತಿ ಇರುವುದನ್ನು ಒಂದು ಪಾಲಿನಲ್ಲಿ ಎಣಿಸಿ ಗುಣಿಸು. ಸೂತ್ರ ಹೀಗೆ:

ರೆಟಿಕ್ % = (ದೊಡ್ಡ ಚೌಕದ ರೆಟಿಕ್ × 100) ÷ (ಚಿಕ್ಕ ಚೌಕದ ಕೆಂಪು ಕಣ × 9)

ನನ್ನ ಸ್ಲೈಡ್‌ನಲ್ಲಿ 20 ಫೀಲ್ಡ್ ಸೇರಿ ದೊಡ್ಡ ಚೌಕದಲ್ಲಿ 36 ರೆಟಿಕ್, ಚಿಕ್ಕದರಲ್ಲಿ 120 ಕೆಂಪು ಕಣ. 3600 ÷ 1080 = 3.3%. 9 ಬಿಟ್ಟರೆ 3600 ÷ 120, ಅದೇ ನನ್ನ 30%. ಒಂಬತ್ತು ತಾಕಿನ ಬೆರಕೆಯನ್ನು ಒಂದೇ ತಾಕಿನ ಭತ್ತಕ್ಕೆ ಹೋಲಿಸಿದಂತೆ. ಇನ್ನೊಂದು ಲಾಭ ನೋಡಿ: ನಾನು ಎಣಿಸಿದ್ದು 120 ಕಣ, ಆದರೆ ರೆಟಿಕ್‌ಗಾಗಿ ಹುಡುಕಿದ್ದು ಸುಮಾರು 1080 ಕಣದಲ್ಲಿ.

ನಿಜವಾಗಿ ನನ್ನನ್ನು ಕೆಡವಿದ್ದು ಇದರ ಮುಂದಿನ ಪ್ರಶ್ನೆ. ಚಿಕ್ಕ ಚೌಕದೊಳಗೇ ಒಂದು ರೆಟಿಕ್ ಕಂಡರೆ? ಅದನ್ನು ರೆಟಿಕ್ ಅಂತ ಎಣಿಸಬೇಕಾ, ಕೆಂಪು ಕಣ ಅಂತಲಾ?

ಉತ್ತರ: ಎರಡೂ ಕಡೆ. ಒಂದೇ ಕಣವನ್ನು ಎರಡು ಸಲ ಎಣಿಸುವುದು ತಪ್ಪು ಅಂತ ಎರಡು ದಿನ ಹಟ ಹಿಡಿದಿದ್ದೆ. ಗೆಳತಿ, "ರೆಟಿಕ್ ಕೂಡ ಕೆಂಪು ಕಣಾನೇ ಕಣೇ," ಅಂತ ಹೇಳಿ ಹೇಳಿ ಸಾಕಾದಳು. ಕೊನೆಗೂ ಗದ್ದೆಯೇ ಬಿಡಿಸಿತು. ಬೆರಕೆ ಬುಡವೂ ಭತ್ತದ ಬುಡವೇ ತಾನೆ? ಕಳೆಯಲ್ಲವಲ್ಲ. ಆ ಒಂದು ತಾಕಿನಲ್ಲಿ ಬೆರಕೆ ಸಿಕ್ಕಿದರೆ ಭತ್ತದ ಲೆಕ್ಕಕ್ಕೂ ಸೇರಬೇಕು, ಬೆರಕೆಯ ಲೆಕ್ಕಕ್ಕೂ ಸೇರಬೇಕು. ನಾವು ಕೇಳುತ್ತಿರುವುದು "ಒಟ್ಟು ಭತ್ತದಲ್ಲಿ ಬೆರಕೆ ಎಷ್ಟು" ಅಂತ. ಕೆಳಗಿನ ಸಂಖ್ಯೆ 'ಒಟ್ಟು', 'ಉಳಿದದ್ದು' ಅಲ್ಲ.

ಬಿಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದೆ. ನನ್ನ 36 ರಲ್ಲಿ 4 ಚಿಕ್ಕ ಚೌಕದಲ್ಲಿದ್ದವು. ಅವನ್ನು ಕೆಂಪು ಕಣದ ಲೆಕ್ಕದಿಂದ ತೆಗೆದರೆ 116 ಉಳಿಯುತ್ತದೆ, ಉತ್ತರ 3.4%. ರೆಟಿಕ್ ಲೆಕ್ಕದಿಂದ ತೆಗೆದರೆ 32, ಉತ್ತರ 3.0%. ಇಷ್ಟೇನಾ ಅನ್ನಿಸಬಹುದು. ಆದರೆ ರಕ್ತ ಒಡೆಯುವ ಕಾಯಿಲೆಯಲ್ಲಿ ರೆಟಿಕ್ ಎಷ್ಟೋ ಜಾಸ್ತಿ. ದೊಡ್ಡದರಲ್ಲಿ 216, ಚಿಕ್ಕದರಲ್ಲಿ 120 ಕಣ, ಆ 120 ರಲ್ಲಿ 24 ರೆಟಿಕ್ ಅಂತಿಟ್ಟುಕೊಳ್ಳಿ. ಸರಿಯಾದ ಉತ್ತರ 20%. ಆ 24 ನ್ನು ಕೆಳಗಿನಿಂದ ಕಳೆದರೆ 96 ಉಳಿದು ಉತ್ತರ 25% ಆಗುತ್ತದೆ. ರೆಟಿಕ್ ಏರಿದಷ್ಟೂ ತಪ್ಪೂ ಏರುತ್ತದೆ.

ಗೆರೆ ಮೇಲೆ ಕೂತ ಕಣ? ಎಡ ಮತ್ತು ಮೇಲಿನ ಗೆರೆ ಮುಟ್ಟಿದ್ದು ಲೆಕ್ಕಕ್ಕೆ, ಬಲ ಮತ್ತು ಕೆಳಗಿನದು ಬಿಡಿ. ಬದುವಿನ ಮೇಲಿನ ಗಿಡ ಯಾರದು ಅನ್ನುವ ಜಗಳಕ್ಕೆ ಇಷ್ಟು ಸುಲಭದ ತೀರ್ಪು ನಮ್ಮೂರಲ್ಲಿ ಸಿಗುವುದಿಲ್ಲ.

ಡಿಸ್ಕ್ ಇಲ್ಲದಿದ್ದರೆ ಕಪ್ಪು ಕಾಗದವನ್ನು ದುಂಡಗೆ ಕತ್ತರಿಸಿ, ನಡುವೆ ಪುಟ್ಟ ಚೌಕ ಕೊರೆದು ಐಪೀಸ್ ಒಳಗಿಡಿ. ಫೀಲ್ಡ್ ಚಿಕ್ಕದಾಗಿ ಎಣಿಸುವುದು ಸುಲಭವಾಗುತ್ತದೆ. ಇಲ್ಲಿ ಎರಡನ್ನೂ ಅದೇ ಚೌಕದಲ್ಲಿ ಎಣಿಸುವುದರಿಂದ 9 ಬೇಡ. ಇದನ್ನು ದಯವಿಟ್ಟು ನೆನಪಿಡಿ, ನಾನು ಅದಕ್ಕೂ 9 ಹಾಕಿದ್ದೆ.

ಇಬ್ಬರ ಎಣಿಕೆ ಯಾಕೆ ಬೇರೆ

ಅದೇ ಸ್ಲೈಡ್, ನನಗೆ 0.8%, ಗೆಳತಿಗೆ 1.4%. ಜಗಳವೇ ಆಯಿತು. 1000 ಕಣದಲ್ಲಿ ನಿಜವಾದ ಎಣಿಕೆ 1% ಆಗಿದ್ದರೆ, ಸ್ಟ್ಯಾಂಡರ್ಡ್ ಡೀವಿಯೇಶನ್ (ಎಣಿಕೆ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ) ಸುಮಾರು 0.31. ಅಂದರೆ 100 ಸಲ ಎಣಿಸಿದರೆ ಸುಮಾರು 95 ಸಲ 0.4 ರಿಂದ 1.6 ರೊಳಗೆ ಬರುತ್ತದೆ. ಇಬ್ಬರದೂ ಅದರೊಳಗೇ ಇದೆ.

ಪರ್ಸೆಂಟ್ ನಂಬಬೇಡಿ

ಒಬ್ಬರ ಹಿಮಾಟೊಕ್ರಿಟ್ (ನೂರು ಪಾಲು ರಕ್ತದಲ್ಲಿ ಕೆಂಪು ಕಣದ ಪಾಲು) 24, ರೆಟಿಕ್ 6%. ಮಜ್ಜೆ ಜೋರಾಗಿ ದುಡಿಯುತ್ತಿದೆ ಅನ್ನಿಸುತ್ತದೆ ಅಲ್ವಾ? ಕೆಂಪು ಕಣವೇ ಕಮ್ಮಿ ಇದ್ದಾಗ ಪರ್ಸೆಂಟ್ ತಾನಾಗಿ ಏರುತ್ತದೆ. ಅದಕ್ಕೆ ಮಾಮೂಲಿ ಹಿಮಾಟೊಕ್ರಿಟ್ 45 ಕ್ಕೆ ಹೋಲಿಸಿ ತಿದ್ದಬೇಕು: 6 × 24 ÷ 45 = 3.2. ಜೊತೆಗೆ ರಕ್ತಹೀನತೆಯಲ್ಲಿ ರೆಟಿಕ್ ಇನ್ನೂ ಎಳೆಯದಾಗಿರುವಾಗಲೇ ಹೊರಬಂದು ರಕ್ತದಲ್ಲಿ ಜಾಸ್ತಿ ದಿನ ಸುತ್ತುತ್ತದೆ. ಹಿಮಾಟೊಕ್ರಿಟ್ 45 ಕ್ಕೆ 1 ದಿನ, 35 ಕ್ಕೆ 1.5, 25 ಕ್ಕೆ 2, 15 ಕ್ಕೆ 2.5. ಇಲ್ಲಿ 2 ರಿಂದ ಭಾಗಿಸಿದರೆ 1.6. ಇದೇ ಆರ್‌ಪಿಐ, ಅಂದರೆ ರೆಟಿಕ್ಯುಲೋಸೈಟ್ ಪ್ರೊಡಕ್ಷನ್ ಇಂಡೆಕ್ಸ್. 2 ಕ್ಕಿಂತ ಕಮ್ಮಿ ಅಂದರೆ ಮಜ್ಜೆ ಸಾಕಷ್ಟು ದುಡಿಯುತ್ತಿಲ್ಲ, 3 ಕ್ಕಿಂತ ಮೇಲಿದ್ದರೆ ಚೆನ್ನಾಗಿ ದುಡಿಯುತ್ತಿದೆ.

ಮೆಷಿನ್

ಥಯಜೋಲ್ ಆರೆಂಜ್ ಥರದ ಬಣ್ಣ ಆರ್‌ಎನ್‌ಎಗೆ ಅಂಟಿ ಹೊಳೆಯುತ್ತದೆ, ಲೇಸರ್ ಮುಂದೆ ಸಾವಿರಾರು ಕಣ ಕ್ಷಣದಲ್ಲಿ ಹಾದುಹೋಗುತ್ತವೆ. ಜಾಸ್ತಿ ಹೊಳೆದರೆ ಎಳೆಯದು. ಹೊಳೆಯುವುದೆಲ್ಲ ರೆಟಿಕ್ ಅಲ್ಲ, ಮಲೇರಿಯಾ ಪರಾವಲಂಬಿ ಇದ್ದರೂ ಎಣಿಕೆ ಸುಳ್ಳಾಗಿ ಏರುತ್ತದೆ. ಆಗ ಮತ್ತೆ ಸ್ಲೈಡೇ ಗತಿ.

ನ್ಯೂಕ್ಲಿಯಸ್ ಇರುವ ಎಳೆ ಕಣ

ಇದು ರೆಟಿಕ್ ಅಲ್ಲ, ನಾರ್ಮೋಬ್ಲಾಸ್ಟ್. ಇದನ್ನು ಲೀಶ್ಮನ್ ಸ್ಲೈಡ್‌ನಲ್ಲಿ 100 ಬಿಳಿ ಕಣಕ್ಕೆ ಎಷ್ಟು ಅಂತ ಎಣಿಸುತ್ತಾರೆ. ಕಣ ಎಣಿಸುವ ಗಾಜಿನ ಚೇಂಬರ್‌ನಲ್ಲಿ ಇವೂ ಬಿಳಿ ಕಣದ ಲೆಕ್ಕಕ್ಕೆ ಸೇರಿಹೋಗುವುದರಿಂದ ತಿದ್ದಬೇಕು: ಬಿಳಿ ಕಣ × 100 ÷ (100 + ನಾರ್ಮೋಬ್ಲಾಸ್ಟ್). ಬಿಳಿ ಕಣ 15,000, ನಾರ್ಮೋಬ್ಲಾಸ್ಟ್ 50 ಇದ್ದರೆ ನಿಜವಾದದ್ದು 10,000. ಇದರಲ್ಲೂ 9 ಇಲ್ಲ. ಹೋದ ವಾರದ ಟೆಸ್ಟ್‌ನಲ್ಲಿ ನಾನು ಹಾಕಿದ್ದೆ.